ಶನಿವಾರದ ಸ್ಮಾರಕ ಕೆಲಸದ ಬಗ್ಗೆ ಪಾಲಕರಿಗೆ ಪತ್ರ

ಪ್ರೀತಿಯ ಪಾಲಕರೇ,

ನಮಸ್ಕಾರ. ನಮ್ಮ ಶಾಲೆಯ ಹುಡುಗಿಯೊಬ್ಬಳು ಪಾರ್ಕಿನಲ್ಲಿ ಕಸಬರಿಗೆ ಹಿಡಿದು ನಿಂತ ಫೋಟೊ ಹೋದ ವಾರ ಪಾಲಕರ ವಾಟ್ಸಪ್ ಗ್ರೂಪಿನಲ್ಲಿ ಓಡಾಡಿದೆ. 'ಮಕ್ಕಳನ್ನು ಓದಲಿಕ್ಕೆ ಕಳಿಸೋದಾ, ಕಸ ಹೊಡೀಲಿಕ್ಕಾ?' ಅಂತ ಒಬ್ಬರು ಕೇಳಿದ್ದಾರೆ. ಇಬ್ಬರು ತಾಯಂದಿರು ಆಫೀಸಿಗೇ ಬಂದು ಮಾತಾಡಿದರು. ಕೇಳುವುದು ನಿಮ್ಮ ಹಕ್ಕು. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಎಲ್ಲರಿಗೂ ಬರೆದುಬಿಡೋಣ ಅನಿಸಿತು.

ಶಾಲೆಯ ಹಿಂದಿನ ಪಾರ್ಕಿನಲ್ಲಿರುವ ಸೈನಿಕರ ಸ್ಮಾರಕ ನಿಮಗೆಲ್ಲ ಗೊತ್ತಿರುವುದೇ. ಜೂನ್ ಮಳೆ ಹಿಡಿಯಿತೆಂದರೆ ಬೆಳಗಾವಿಯಲ್ಲಿ ಯಾವ ಕಲ್ಲಿಗೂ ಪಾಚಿ ತಪ್ಪಿದ್ದಲ್ಲ. ಕೆತ್ತಿದ ಅಕ್ಷರದೊಳಗೇ ಪಾಚಿ ಕೂತು ಹೆಸರು ಓದಲು ಬರದಂತಾಗಿತ್ತು. ಅದನ್ನು ಸ್ವಚ್ಛ ಮಾಡಲು ಮಕ್ಕಳನ್ನು ಕಳಿಸುತ್ತೀರಾ ಅಂತ ಓಣಿಯ ಮಾಜಿ ಸೈನಿಕರು ಬಂದು ಕೇಳಿದರು, ನಾವು ಒಪ್ಪಿಕೊಂಡೆವು. ಎಂಟು ಮತ್ತು ಒಂಬತ್ತನೇ ತರಗತಿ ಮಕ್ಕಳು, ಶನಿವಾರ ಕೊನೆಯ ಪಿರಿಯಡ್, 40 ನಿಮಿಷ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಕರೆದಿಲ್ಲ.

ಈಗ ಕಸಬರಿಗೆ ವಿಷಯ. ಇದು ಶಿಕ್ಷೆ ಅಲ್ಲ. ತಡವಾಗಿ ಬಂದವರನ್ನೋ ಹೋಮ್‌ವರ್ಕ್ ಮಾಡದವರನ್ನೋ ಆರಿಸಿ ಕಳಿಸುತ್ತಿಲ್ಲ. ಹಾಜರಿ ಪುಸ್ತಕದ ನಂಬರ್ ಪ್ರಕಾರ ಹನ್ನೆರಡು ಮಕ್ಕಳು, ಮುಂದಿನ ವಾರ ಮುಂದಿನ ಹನ್ನೆರಡು. ಹುಡುಗರೂ ಗುಡಿಸುತ್ತಾರೆ, ಹುಡುಗಿಯರೂ ಗುಡಿಸುತ್ತಾರೆ. ಯಾರ ಮಗ, ಯಾರ ಮಗಳು ಅಂತ ನೋಡುವ ಪದ್ಧತಿ ಈ ಶಾಲೆಯಲ್ಲಿ ಇಲ್ಲ, ನಾನಿರುವ ತನಕ ಬರುವುದೂ ಇಲ್ಲ. ಜೊತೆಗೆ ಹೋಗುವ ಇಬ್ಬರು ಶಿಕ್ಷಕರೂ ಕಸಬರಿಗೆ ಹಿಡಿದಿದ್ದರು. ಫೋಟೊದಲ್ಲಿ ಅವರು ಬಂದಿಲ್ಲ, ಅಷ್ಟೇ.

ಶೌಚಾಲಯದ ಮಾತೂ ಗ್ರೂಪಿನಲ್ಲಿ ಬಂತು. ಮಕ್ಕಳಿಂದ ಶೌಚಾಲಯ ತೊಳೆಸಬಾರದು ಅಂತ ಇಲಾಖೆಯ ಆದೇಶವಿದೆ, ಅದನ್ನು ನಾವು ಮೀರಿಲ್ಲ. ಪಾರ್ಕಿನ ಕಸವನ್ನೂ ನಮ್ಮ ಮಕ್ಕಳು ಎತ್ತುವುದಿಲ್ಲ. ಸ್ಮಾರಕದ ಕಟ್ಟೆ ಗುಡಿಸುವುದು, ಹೆಸರಿನ ಕಲ್ಲು ಉಜ್ಜುವುದು, ಇಷ್ಟೇ ಕೆಲಸ. ಅದಕ್ಕೆ ಹಲ್ಲುಜ್ಜುವ ಹಳೆ ಬ್ರಷ್ ಸಾಕು. ಮನೆಯಲ್ಲಿ ಯಾರೂ ಬಯ್ಯುವುದಿಲ್ಲವೆಂದರೆ ಒಂದು ಕೊಟ್ಟು ಕಳಿಸಿ!

ಮಕ್ಕಳ ಮನಸ್ಸಿಗೆ ಕೀಳರಿಮೆ ಬಂದೀತು ಅನ್ನುವ ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ನಾನೂ ಹೋದ ಶನಿವಾರ ಅಲ್ಲೇ ನಿಂತು ನೋಡಿದೆ. ಕಲ್ಲು ಉಜ್ಜುತ್ತಿದ್ದ ಹುಡುಗನೊಬ್ಬ, ಹೆಸರಿನ ಹಿಂದೆ ಇಷ್ಟುದ್ದ ನಂಬರ್ ಯಾಕೆ ಅಂತ ಕೇಳಿದ. ನಿವೃತ್ತ ಹವಾಲ್ದಾರರೊಬ್ಬರು ಹೇಳಿದರು: 'ಒಂದೇ ಪಲ್ಟನ್ನಿನಲ್ಲಿ ಅದೇ ಹೆಸರು, ಅದೇ ಅಡ್ಡಹೆಸರಿನವರು ನಾಲ್ಕೈದು ಮಂದಿ ಇರ್ತಾರಪ್ಪ. ಮನೆಗೆ ಸುದ್ದಿ ಹೋಗೋವಾಗ ತಪ್ಪು ಮನೆಗೆ ಹೋಗಬಾರದಲ್ಲ?' ಆ ಹುಡುಗ ಮತ್ತೆ ಮಾತಾಡಲಿಲ್ಲ, ನಂಬರನ್ನೂ ಉಜ್ಜಿದ.

ನಾವು ಇರುವ ಊರು ಯಾವುದು ನೋಡಿ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ 1922ರಿಂದ ಇಲ್ಲಿದೆ. ಅದರ ಮೊದಲ ಪಲ್ಟನ್ ಕಟ್ಟಿದ್ದು 1768ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಇಟಲಿಯ ನೆಲದಲ್ಲಿ ಹೋರಾಡಿ ಈ ರೆಜಿಮೆಂಟಿನ ಇಬ್ಬರು ಆಗಿನ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದರು. 1945ರಲ್ಲಿ ನಾಮದೇವ ಜಾಧವರು ಗುಂಡಿನ ಮಳೆಯಲ್ಲೇ ಗಾಯಗೊಂಡ ಜೊತೆಗಾರರನ್ನು ಹೊತ್ತು ಸೆನಿಯೊ ನದಿ ದಾಟಿಸಿದರು. 1944ರಲ್ಲಿ ಇಟಲಿಯಲ್ಲೇ ಪ್ರಾಣ ಕೊಟ್ಟ ಯಶವಂತ ಘಾಡ್ಗೆಯವರ ನೆನಪಿಗೆ ಅಲ್ಲಿನ ಮೊಂಟೋನೆ ಅನ್ನುವ ಸಣ್ಣ ಊರಿನಲ್ಲಿ 2023ರಲ್ಲಿ ನೆರಳು ಗಡಿಯಾರದ ಸ್ಮಾರಕ ಎದ್ದಿದೆ. ಅವರ ಭಾಷೆ ಬಾರದವರು, ಅವರ ಊರು ನೋಡದವರು ಅಷ್ಟು ಮಾಡಿದ್ದಾರೆ. ನಮ್ಮ ಹಿತ್ತಲ ಪಾರ್ಕಿನ ಕಲ್ಲಿಗೆ ನಾವು ವಾರಕ್ಕೆ 40 ನಿಮಿಷ ಕೊಟ್ಟರೆ ಜಾಸ್ತಿ ಆಯ್ತಾ? ಅಂದಹಾಗೆ ಆ ಕಲ್ಲಿನ ಮೇಲೆ ಕನ್ನಡದ ಮನೆಯವರಿದ್ದಾರೆ, ಮರಾಠಿ ಮನೆಯವರಿದ್ದಾರೆ, ಉರ್ದು ಮನೆಯವರಿದ್ದಾರೆ. ಆ ಬಗ್ಗೆ ಇಲ್ಲಿ ಇಷ್ಟು ಸಾಕು.

'ಮಕ್ಕಳ ತಲೆಯಲ್ಲಿ ಮಿಲಿಟರಿ ತುಂಬುತ್ತೀರಾ?' ಅಂತಲೂ ಒಂದು ಪ್ರಶ್ನೆ. ಇಲ್ಲ. ಅಗ್ನಿವೀರರಾಗಿ ಸೇನೆ ಸೇರಲು ಹದಿನೇಳೂವರೆ ವರ್ಷ ಆಗಿರಬೇಕು, ನಮ್ಮವರಿಗೆ ಇನ್ನೂ ಹದಿಮೂರು, ಹದಿನಾಲ್ಕು. ಮುಂದೆ ಸೇರುವುದು ಬಿಡುವುದು ಅವರಿಗೆ, ನಿಮಗೆ ಬಿಟ್ಟದ್ದು.

ಮತ್ತೊಮ್ಮೆ ಹೇಳುತ್ತೇನೆ, ಇದು ಶಿಕ್ಷೆಯೂ ಅಲ್ಲ, ಬಿಟ್ಟಿ ದುಡಿಮೆಯೂ ಅಲ್ಲ. ಮನಸ್ಸಿಲ್ಲದವರಿಗೆ ಒತ್ತಾಯವೂ ಇಲ್ಲ. ನಿಮ್ಮ ಮಗು ಬರುವುದು ಬೇಡ ಅನಿಸಿದರೆ ಆ ಪಿರಿಯಡ್ ಲೈಬ್ರರಿಯಲ್ಲಿ ಕೂರಲಿ. ಮಾರ್ಕ್ಸ್ ಕಡಿಮೆ ಆಗುವುದಿಲ್ಲ, ಯಾರೂ ಕಾರಣ ಕೇಳುವುದಿಲ್ಲ. ಆದರೆ ಕೆಲಸ ನಿಲ್ಲುವುದಿಲ್ಲ. ಜುಲೈ 26ರ ಕಾರ್ಗಿಲ್ ವಿಜಯ ದಿವಸದೊಳಗೆ ಎಲ್ಲ ಹೆಸರುಗಳೂ ಓದುವಂತಾಗಬೇಕು. ಆವತ್ತು ಬೆಳಿಗ್ಗೆ ಮಾಜಿ ಸೈನಿಕರು ಅಲ್ಲಿ ಸೇರುತ್ತಾರೆ, ನೀವೂ ಬಂದರೆ ಸಂತೋಷ.

ಆ ಹುಡುಗಿಯ ಫೋಟೊ ಹಾಕಿದವರು ಇವತ್ತೇ ಅಳಿಸಬೇಕು. ಅವಳು ಎರಡು ದಿನ ಶಾಲೆಗೆ ಬರಲಿಲ್ಲ. ಕಸಬರಿಗೆ ಹಿಡಿದದ್ದಕ್ಕಲ್ಲ, ಅದರ ಕೆಳಗೆ ದೊಡ್ಡವರು ಬರೆದ ಕಮೆಂಟುಗಳಿಗೆ.

ಇದರ ಜೊತೆಗಿರುವ ಒಪ್ಪಿಗೆ ಚೀಟಿಯಲ್ಲಿ ಹೌದು ಅಥವಾ ಬೇಡ ಅಂತ ಗುರುತು ಹಾಕಿ, ಸಹಿ ಮಾಡಿ ಸೋಮವಾರ ಕಳಿಸಿ.

ಜೋರು ಮಳೆ ಇದ್ದ ಶನಿವಾರ ಹೋಗುವುದಿಲ್ಲ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು
ಸರ್ಕಾರಿ ಪ್ರೌಢಶಾಲೆ, ಬೆಳಗಾವಿ