ನಮ್ಮ ಬೀದಿಯ ಆಟೋ ಚಾಲಕ ಬಂಧುಗಳಿಗೆ ಕೃತಜ್ಞತೆಗಳು

ನಮ್ಮ ತಂದೆಯವರಿಗೆ ನಡೆದ ಮೂತ್ರಪಿಂಡ ಕಸಿ ಯಶಸ್ವಿಯಾಗಿ, ಅವರು ಮನೆಗೆ ಮರಳಿದ್ದಾರೆ. ವೈದ್ಯರಿಗೂ ದಾದಿಯರಿಗೂ ಆಸ್ಪತ್ರೆಯಲ್ಲೇ ಕೈಮುಗಿದು ಬಂದಿದ್ದೇವೆ. ಮೆದುಳು ನಿಷ್ಕ್ರಿಯಗೊಂಡ ತಮ್ಮವರ ಅಂಗಗಳನ್ನು ದಾನ ಮಾಡಿದ ಕುಟುಂಬದ ಜಾತಿ, ಭಾಷೆ, ಊರು ಯಾವುದನ್ನೂ ಅರಿಯದೆಯೇ ನಾವು ಅವರಿಗೆ ಋಣಿಗಳಾಗಿದ್ದೇವೆ. ನಾಲ್ಕು ಜನರ ಮುಂದೆ ಹೇಳಲೇಬೇಕಾದ ಧನ್ಯವಾದವೊಂದು ಉಳಿದಿದೆ. ಅದು ನಮ್ಮ ಬೀದಿಯ ಕೊನೆಯ ಆಟೋ ನಿಲ್ದಾಣದ ಚಾಲಕರಿಗೆ ಸಲ್ಲಬೇಕು.

ವಾರಕ್ಕೆ ಮೂರು ಸಲ, ಒಮ್ಮೆಗೆ ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಹೋಗುವುದಕ್ಕಿಂತ ಮನೆಗೆ ಬರುವುದೇ ಕಷ್ಟ. ದೇಹದ ಹೆಚ್ಚುವರಿ ನೀರನ್ನು ತೆಗೆದ ಮೇಲೆ ರಕ್ತದೊತ್ತಡ ಕುಸಿಯುವುದುಂಟು, ಕಾಲು ಹಿಡಿದುಕೊಳ್ಳುವುದುಂಟು; ಡಯಾಲಿಸಿಸ್ ಸೂಜಿ ಚುಚ್ಚಲೆಂದು ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ ತೋಳಿಗೆ ಒತ್ತಡ ಬೀಳಬಾರದು. ಇದನ್ನು ನಾವು ವಿವರಿಸಿದ್ದು ಚಾಲಕರೊಬ್ಬರಿಗೆ ಮಾತ್ರ. ಆಮೇಲೆ ಸರದಿ ಯಾರದೇ ಇರಲಿ, ತಂದೆಯವರ ಎಡಗೈ ಮುಟ್ಟದೆ ಬಲಗಡೆಯಿಂದ ಆಸರೆ ಕೊಟ್ಟು ಕೂರಿಸುವುದನ್ನೂ, ಹಂಪುಗಳ ಮೇಲೆ ನಿಧಾನವಾಗಿ ಹತ್ತಿಸಿ ಇಳಿಸುವುದನ್ನೂ ಅವರೆಲ್ಲರೂ ರೂಢಿಸಿಕೊಂಡರು. ನಾನು ಕಚೇರಿಯಿಂದ ಬರಲಾಗದ ದಿನಗಳಲ್ಲಿ ಅವರನ್ನು ಗೇಟಿನ ಬಳಿ ಇಳಿಸಿ ಹೋಗದೆ, ಮಹಡಿ ಹತ್ತಿಸಿ, ಫ್ಯಾನು ಹಾಕಿ, “ಮೇಷ್ಟ್ರು ಮಲಗಿದ್ದಾರೆ ಮೇಡಂ” ಎಂದು ಫೋನು ಮಾಡಿದವರಿದ್ದಾರೆ. ಮೂತ್ರಪಿಂಡ ದೊರೆತಿದೆ, ಕೂಡಲೇ ಬನ್ನಿ ಎಂದು ರಾತ್ರಿ ಕರೆ ಬಂದಾಗ ಬಾಗಿಲಿಗೆ ಬಂದವರೂ ಇವರಲ್ಲೊಬ್ಬರೇ. ರಾತ್ರಿ ಹತ್ತರ ನಂತರದ ಒಂದೂವರೆ ಪಟ್ಟು ದರ ನಿಯಮದಂತೆಯೇ ಅವರಿಗೆ ಸಲ್ಲಬೇಕಾದದ್ದು. ಅದನ್ನೂ ಬೇಡವೆಂದು, “ಮೊದಲು ಒಳಗೆ ಹೋಗಿ” ಎಂದರು.

ಬೆಂಗಳೂರಿನಲ್ಲಿ ಆಟೋದವರೆಂದರೆ ಮೀಟರ್ ಹಾಕದವರು, ಕರೆದಲ್ಲಿಗೆ ಬಾರದವರು ಎಂಬ ಮಾತು ಬೇರೂರಿದೆ. ಅದು ಪೂರ್ತಿ ಕಟ್ಟುಕಥೆಯೆಂದು ನಾನು ವಾದಿಸುವುದಿಲ್ಲ. ಆದರೆ 2021ರ ಡಿಸೆಂಬರಿನಲ್ಲಿ ಮೊದಲ ಎರಡು ಕಿಲೋಮೀಟರಿಗೆ 30 ರೂಪಾಯಿ, ಆಮೇಲೆ ಕಿಲೋಮೀಟರಿಗೆ 15 ರೂಪಾಯಿ ಎಂದು ಜಾರಿಯಾದ ದರ 36 ಮತ್ತು 18 ರೂಪಾಯಿಗೆ ಏರಿದ್ದು 2025ರ ಆಗಸ್ಟಿನಲ್ಲಿ ಎಂಬುದನ್ನು ದೂರುವವರು ನೆನೆಯುವುದು ಕಡಿಮೆ. ಗಾಡಿಯ ದಿನಬಾಡಿಗೆಯೂ ಮಕ್ಕಳ ಶಾಲೆಯ ಶುಲ್ಕವೂ ಅಲ್ಲಿಯವರೆಗೆ ಕಾಯುತ್ತ ಕೂರುವುದಿಲ್ಲ. ಡಯಾಲಿಸಿಸ್ ಮುಗಿಯುವುದು ತಡವಾದಾಗ ಆಸ್ಪತ್ರೆಯ ಹೊರಗೆ ಕಾದವರು, ಅಷ್ಟು ಹೊತ್ತಿನ ದುಡಿಮೆಯನ್ನು ಬಿಟ್ಟುಕೊಟ್ಟೇ ಕಾದರು.

“ಇವರು ಬೇರೆ ಆಟೋದವರ ಹಾಗಲ್ಲ” ಎಂದು ನಮ್ಮ ನೆಂಟರೊಬ್ಬರು ಮನಸಾರೆ ಮೆಚ್ಚಿದರು. ಆ ಮೆಚ್ಚುಗೆಗೆ ನಾನು ದನಿಗೂಡಿಸಲಾರೆ. ಒಳ್ಳೆಯ ನಡತೆ ಕಂಡಾಗಲೆಲ್ಲ ಅದನ್ನು ಅಪರೂಪವೆಂದು ಬದಿಗಿರಿಸಿದರೆ ಹಳೆಯ ಅಭಿಪ್ರಾಯ ಇದ್ದಲ್ಲಿಯೇ ಇರುತ್ತದೆ. ನಾವು ಒಳ್ಳೆಯವರನ್ನು ಆರಿಸಿ ಕರೆಯಲಿಲ್ಲ. ಶಂಕರ್‌ನಾಗ್ ಚಿತ್ರದ ಕೆಳಗೆ ಸಾಲಿನಲ್ಲಿ ಮೊದಲು ನಿಂತಿದ್ದ ಗಾಡಿಯನ್ನೇ ಹತ್ತುತ್ತಿದ್ದೆವು.

ಕಸಿಯ ನಂತರದ ಔಷಧಿಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ತಂದೆಯವರು ಸದ್ಯಕ್ಕೆ ಜನಸಂದಣಿಗೆ ಬರುವಂತಿಲ್ಲ. ರಾಜ್ಯೋತ್ಸವದಂದು ನಿಲ್ದಾಣದಲ್ಲಿ ಬಾವುಟ ಏರಿಸುವಾಗ ಅವರ ಪರವಾಗಿ ನಾನು ಬರುತ್ತೇನೆ. ಅಂದಿನ ಊಟದ ಖರ್ಚನ್ನು ದಯವಿಟ್ಟು ನಮ್ಮ ಮನೆಗೆ ಬಿಟ್ಟುಕೊಡಿ. ಬೇರೆ ಯಾರಾದರೂ ಒಪ್ಪಿಕೊಳ್ಳುವ ಮೊದಲೇ ಚಂದಾ ಪುಸ್ತಕದಲ್ಲಿ ಮೇಷ್ಟ್ರ ಹೆಸರು ಬರೆದುಕೊಳ್ಳಿ.