ಅರ್ಧ ಬಟ್ಟಲಿನ ಲೆಕ್ಕ

ಚಿ. ಪುಟ್ಟನಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯಕುಶಲೋಪರಿ.

ದೇವನಹಳ್ಳಿ ಕಡೆಯ ನಮ್ಮ ಈ ಹಿರಿಯರ ಬಡಾವಣೆಯಲ್ಲಿ, ಕ್ಲಬ್ಬಿನ ಕೆಳಗೆ ಖಾಲಿ ಬಿದ್ದಿರುವ ಮಳಿಗೆಯನ್ನು ಹಿಡಿದು ಡೆಸರ್ಟ್ ಅಂಗಡಿ ತೆರೆಯಬೇಕೆಂದಿದ್ದೇನೆ, ಅಲ್ಲಿಯವರ ಅಭಿಪ್ರಾಯ ಕೇಳಿ ತಿಳಿಸಿ ಎಂದು ನೀನು ಬರೆದ ಪತ್ರವೂ ಅದರೊಂದಿಗಿದ್ದ ಬೆಲೆಪಟ್ಟಿಯೂ ತಲುಪಿದವು. ಪಟ್ಟಿಯನ್ನು ಸಂಜೆ ನಮ್ಮ ಗುಂಪಿನಲ್ಲಿ ಗಟ್ಟಿಯಾಗಿ ಓದಿದೆ. ಒಂದು ಬಟ್ಟಲು ಚಾಕೊಲೇಟ್ ಐಸ್‌ಕ್ರೀಮಿಗೆ 380 ರೂಪಾಯಿ ಎಂಬಲ್ಲಿಗೆ ಬಂದಾಗ ಒಬ್ಬರು ಕಿವಿಯ ಯಂತ್ರವನ್ನು ಸರಿಪಡಿಸಿಕೊಂಡು, ಇನ್ನೊಮ್ಮೆ ಓದಿ ಎಂದರು.

ಅಭಿಪ್ರಾಯಗಳು ಒಂದೇ ತೆರನಾಗಿರಲಿಲ್ಲ. ನಿವೃತ್ತ ಮೇಷ್ಟ್ರೊಬ್ಬರು, ಅರ್ಧಕ್ಕರ್ಧ ಜನ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಜಾಗದಲ್ಲಿ ಇದೆಂಥ ವ್ಯಾಪಾರ ಎಂದು ಸಿಡುಕಿದರು. ಅದಕ್ಕೆ ಎಂಬತ್ತು ದಾಟಿದ ಹೆಂಗಸೊಬ್ಬರು, ಐವತ್ತು ವರ್ಷ ಮಕ್ಕಳಿಗೆ, ಮೊಮ್ಮಕ್ಕಳಿಗೆ ಕೊಡಿಸಿದ್ದಾಯಿತು, ಇನ್ನಾದರೂ ನನಗೆ ನಾನು ಕೊಡಿಸಿಕೊಳ್ಳುತ್ತೇನೆ, ಅಂಗಡಿ ಬರಲಿ ಎಂದರು. ನಾನು ಅವರ ಪಕ್ಷ.

ಆದರೆ ಬೆಲೆಯ ವಿಷಯದಲ್ಲಿ ನೀನು ಎಡವಿದ್ದೀಯೆ. ಇಷ್ಟು ದುಬಾರಿ ಮನೆ ಕೊಂಡವರಿಗೆ 380 ರೂಪಾಯಿ ಯಾವ ಲೆಕ್ಕ ಎಂದು ನೀನು ಬರೆದಿರುವೆ. ಇಲ್ಲಿ ಅನೇಕರು ಹಳೆಯ ಮನೆ ಮಾರಿ ಈ ಮನೆ ಕೊಂಡವರು. ಅವರ ಆಸ್ತಿ ದೊಡ್ಡದು, ತಿಂಗಳ ಕೈಖರ್ಚು ಸಣ್ಣದು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಗರಿಷ್ಠ ಮಿತಿಯಾದ 30 ಲಕ್ಷವನ್ನೇ ಇಟ್ಟವನಿಗೂ ಈಗಿನ ಶೇ. 8.2ರ ದರದಲ್ಲಿ ಮೂರು ತಿಂಗಳಿಗೆ ಬರುವುದು 61,500 ರೂಪಾಯಿ, ಎಂದರೆ ತಿಂಗಳಿಗೆ 20,500. ಗಂಡ ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ತೀರಿಕೊಂಡಿದ್ದರೆ, ಕುಟುಂಬ ಪಿಂಚಣಿಯೆಂದು ಹೆಂಡತಿಗೆ ಸಾಮಾನ್ಯವಾಗಿ ದೊರೆಯುವುದು ಅವರ ಕೊನೆಯ ಮೂಲವೇತನದ ಶೇ. 30 ಮಾತ್ರ. ನಿರ್ವಹಣಾ ಶುಲ್ಕ, ಊಟದ ಬಿಲ್ಲು, ಔಷಧಿ ಕಳೆದು ಉಳಿದುದರಲ್ಲಿ ನಿನ್ನ ಬಟ್ಟಲು ಬರಬೇಕು.

ಹಾಗೆಂದು ಕೊಡಲಾರರು ಎಂದೂ ಅಲ್ಲ. ನಿಜವಾದ ತೊಡಕು ಮುಯ್ಯಿಯದು. ಇಲ್ಲಿ ಯಾರೂ ಒಬ್ಬರೇ ಕುಳಿತು ತಿನ್ನುವುದಿಲ್ಲ. ಇಂದು ನಾನು ಕೊಡಿಸಿದರೆ ನಾಳೆ ನೀವು ಕೊಡಿಸಬೇಕು. ಹಿಂದೆ ಅದೇ ಮಳಿಗೆಯಲ್ಲಿ ಒಂದು ಬೇಕರಿಯಿತ್ತು. ಒಮ್ಮೆ ನಮ್ಮ ಬ್ಲಾಕಿನ ಒಬ್ಬರು ತಮ್ಮ ಜೊತೆಗೆ ವಾಕಿಂಗ್ ಬರುವ ಹೆಂಗಸಿಗೆ ದುಬಾರಿಯ ಪೇಸ್ಟ್ರಿ ಕೊಡಿಸಿದ್ದರು. ಮರುವಾರ ಆಕೆ ಮುಯ್ಯಿ ತೀರಿಸಲೆಂದು ಸೆರಗಿನ ಮರೆಯಲ್ಲಿ ಪರ್ಸಿನ ನೋಟುಗಳನ್ನು ಎರಡು ಸಲ ಎಣಿಸಿ, ಒಂದೇ ಪೇಸ್ಟ್ರಿ ಕೊಂಡು ಎರಡು ತಟ್ಟೆ ಕೇಳಿದರು. ಗಲ್ಲಾಪೆಟ್ಟಿಗೆಯ ಹುಡುಗ ಎರಡನೆಯ ತಟ್ಟೆ ಕೊಡುವುದಿಲ್ಲವೆಂದ. ಆಕೆ ಮಾತಾಡದೆ ಇನ್ನೊಂದಕ್ಕೂ ಹಣ ಕೊಟ್ಟರು, ಆದರೆ ಅಂದಿನಿಂದ ವಾಕಿಂಗ್ ದಾರಿಯನ್ನೇ ಬದಲಿಸಿದರು. ಹೀಗೆ ಅಂಗಡಿ ಕಳೆದುಕೊಂಡದ್ದು ಒಬ್ಬರನ್ನಲ್ಲ, ಇಬ್ಬರನ್ನು. ವರ್ಷ ತುಂಬುವುದರೊಳಗೆ ಬೇಕರಿ ಬಾಗಿಲು ಹಾಕಿತು.

ಆದ್ದರಿಂದ ನನ್ನ ಮಾತು ಇಷ್ಟೇ: ಗುಣವನ್ನು ಇಳಿಸಬೇಡ, ಅಳತೆಯನ್ನು ಇಳಿಸು. ಮುದಿ ಹೊಟ್ಟೆಗೆ ಅರ್ಧ ಬಟ್ಟಲು ಸಾಕು, ವೈದ್ಯರ ಮಾತು ಮೀರಿದ ಅಪರಾಧವೂ ಅರ್ಧವಾಗುತ್ತದೆ. ನೂರು ರೂಪಾಯಿಯ ಸುತ್ತಮುತ್ತ ಒಂದು ಸಣ್ಣ ಬಟ್ಟಲಿದ್ದರೆ ಯಾರು ಬೇಕಾದರೂ ಯಾರಿಗೆ ಬೇಕಾದರೂ ಕೊಡಿಸಿಯಾರು. ಕೇಳದೆಯೇ ಎರಡು ಚಮಚ ಇಡುವುದನ್ನು ನಿನ್ನ ಹುಡುಗರಿಗೆ ಮೊದಲ ದಿನವೇ ಕಲಿಸು. 380ರ ಬಟ್ಟಲೂ ಇರಲಿ; ಭಾನುವಾರ ಬೆಂಗಳೂರಿನಿಂದ ಕಾರಿನಲ್ಲಿ ಬರುವ ಮಕ್ಕಳು ಅದನ್ನು ಸಂತೋಷವಾಗಿ ಕೊಳ್ಳುತ್ತಾರೆ.

ಪಟ್ಟಿಯಲ್ಲಿರುವ ವಿದೇಶಿ ಹೆಸರುಗಳು ನಮ್ಮವರ ಬಾಯಲ್ಲಿ ಹೊರಳಲಿಲ್ಲ. ಮೂಲ್ಕಿಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ್ ಕಾಮತ್ 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ನ್ಯಾಚುರಲ್ಸ್ ಎಂಬ ಐಸ್‌ಕ್ರೀಮ್ ಅಂಗಡಿ ತೆರೆದಾಗ ಮೊದಮೊದಲು ಪಾವ್‌ಭಾಜಿಯನ್ನೂ ಮಾರಬೇಕಾಗಿತ್ತು. ಮುಂದೆ ಅವರಿಗೆ ಹೆಸರು ತಂದದ್ದು ಸೀತಾಫಲ, ಎಳನೀರಿನಂಥ, ಎಲ್ಲರೂ ಬಲ್ಲ ರುಚಿಗಳು. ಹಲಸಿನ ಹಣ್ಣಿನ ಐಸ್‌ಕ್ರೀಮ್ ಎಂದು ಬರೆದು ನೋಡು, ನಮ್ಮ ಮೇಷ್ಟ್ರೇ ಮೊದಲು ಬಂದಾರು. ಗೋಡಂಬಿ, ಬಾದಾಮಿಯನ್ನು ಪುಡಿ ಮಾಡಿ ಹಾಕು, ಕಟ್ಟಿಸಿದ ಹಲ್ಲುಗಳ ಪಾಡು ನಿನಗೆ ತಿಳಿಯದು.

ಇನ್ನೆರಡು ಮಾತು. ಬೆಲ್ಲದ್ದು, ಆದ್ದರಿಂದ ಮಧುಮೇಹಿಗಳೂ ತಿನ್ನಬಹುದು ಎಂಬ ಫಲಕ ಖಂಡಿತ ಬೇಡ, ಅದು ಶುದ್ಧ ಸುಳ್ಳು. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಶುಗರ್‌ಫ್ರೀ ಎಂದು ಮಾರುವ ಕೆಲವು ತಿನಿಸುಗಳಲ್ಲಿರುವ ಮಾಲ್ಟಿಟಾಲ್ ಎಂಬ ಸಿಹಿಕಾರಕ ಕೂಡ ಅದನ್ನು ಸ್ವಲ್ಪಮಟ್ಟಿಗೆ ಏರಿಸುವುದಲ್ಲದೆ, ಹೆಚ್ಚು ತಿಂದರೆ ಹೊಟ್ಟೆ ಕೆಡಿಸುತ್ತದೆ. ಹಾಗೆಯೇ ಸಸ್ಯಜನ್ಯ ಕೊಬ್ಬಿನಿಂದ ಮಾಡಿದ ಫ್ರೋಜನ್ ಡೆಸರ್ಟನ್ನು ಐಸ್‌ಕ್ರೀಮ್ ಎಂದು ಬಡಿಸಬೇಡ; ಐಸ್‌ಕ್ರೀಮ್ ಎಂದಷ್ಟೇ ಹೆಸರಿಸಬೇಕಾದರೆ ಕನಿಷ್ಠ ಶೇ. 10ರಷ್ಟು ಹಾಲಿನ ಕೊಬ್ಬು ಇರಬೇಕು. ಹೈನು ಇಲಾಖೆಯಲ್ಲಿ ದುಡಿದು ನಿವೃತ್ತರಾದವರೊಬ್ಬರು ನಮ್ಮಲ್ಲಿದ್ದಾರೆ, ಅವರು ಪೊಟ್ಟಣ ತಿರುಗಿಸಿ ಓದದೆ ಯಾವುದನ್ನೂ ತಿನ್ನುವವರಲ್ಲ.

ಮುಂದಿನ ವಾರ ಬರುವಾಗ ತಿದ್ದಿದ ಬೆಲೆಪಟ್ಟಿಯನ್ನು ದಪ್ಪ ಅಕ್ಷರಗಳಲ್ಲಿ, ಕನ್ನಡದಲ್ಲೂ ಅಚ್ಚು ಹಾಕಿಸಿಕೊಂಡು ಬಾ. ನಾನು ಕನ್ನಡಕ ತೆಗೆದಿಟ್ಟು ಓದಿ ನೋಡುತ್ತೇನೆ.

ಇಂತು ನಿನ್ನ ಶ್ರೇಯೋಭಿಲಾಷಿ,
ದೊಡ್ಡಪ್ಪ