ಅಂಗಡಿಯ ಬೋರ್ಡು ಬರೆಸುವ ಮುನ್ನ

ಓಲ್ಡಾಮ್, ಇಂಗ್ಲೆಂಡ್
ಮಾರ್ಚ್ 2

ತೀರ್ಥರೂಪ ಅಪ್ಪನವರಿಗೆ ಹಾಗೂ ಅಮ್ಮನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಚಳಿ ಇನ್ನೂ ಬಿಟ್ಟಿಲ್ಲ. ಅಮ್ಮ ಕಳಿಸಿದ ಹುಳಿಪುಡಿ ಮುಗಿಯುತ್ತಾ ಬಂದಿದೆ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈಗ ಹೇಳಬೇಕಾದದ್ದು ಉದ್ದದ ಮಾತು, ನೀವು ಎರಡು ಸಲ ಓದಲಿ ಎಂಬ ಆಸೆಯೂ ಇದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಯುಗಾದಿಗೆ ನಮ್ಮ ಬಟ್ಟೆ ಅಂಗಡಿಗೆ ಹೊಸ ಬೋರ್ಡು ಹಾಕಿಸುತ್ತಿದ್ದೀರಿ, ತಾತನ ಹೆಸರಿನ ಕೆಳಗೆ ‘ಸ್ಥಾಪನೆ 1964’ ಎಂದು ಬರೆಸುತ್ತೀರಿ ಎಂದು ತಮ್ಮ ಹೇಳಿದ. ಅಪ್ಪ, ದಯವಿಟ್ಟು ಒಂದೆರಡು ವಾರ ತಡೆಯಿರಿ. ಆ ಇಸವಿ ತಪ್ಪು. ಇಸವಿಯ ಮೇಲಿನ ಹೆಸರೂ ಅರ್ಧ ಮಾತ್ರ ಸರಿ.

ಇದೆಲ್ಲ ಶುರುವಾದದ್ದು ಒಂದು ಶಬ್ದದಿಂದ. ನಾನು ಬಾಡಿಗೆಗಿರುವ ಮನೆಯ ಯಜಮಾನಿಗೆ ಎಂಬತ್ತರ ಹತ್ತಿರ ವಯಸ್ಸು. ಕಳೆದ ತಿಂಗಳು ಅವರು ಕಪಾಟಿನಿಂದ ತುಂಡು ಬಟ್ಟೆಗಳ ಗಂಟೊಂದನ್ನು ತೆಗೆದು, ‘ಇವೆಲ್ಲ ಫೆಂಟ್’ ಎಂದರು. ನನಗೆ ಮೈ ಜುಮ್ಮೆಂದಿತು. ಅಜ್ಜಿ ಹೇಳುತ್ತಿದ್ದ ‘ಪೆಂಟು ಬಟ್ಟೆ’! ಅದು ನಮ್ಮ ಮನೆಯೊಳಗೇ ಹುಟ್ಟಿದ ಮಾತು ಎಂದು ನಾನು ತಿಳಿದಿದ್ದೆ. ಥಾನಿನ ಕೊನೆಯಲ್ಲಿ ಉಳಿದ ಅಥವಾ ನೇಯ್ಗೆಯಲ್ಲಿ ಕೆಟ್ಟ ತುಂಡಿಗೆ ಲಂಕಾಷೈರ್ ಸೀಮೆಯಲ್ಲಿ ಇರುವ ಹೆಸರು ಅದು. ಮಿಲ್ಲುಗಳ ಜೊತೆ ಹಡಗು ಹತ್ತಿ ಬೆಂಗಳೂರಿನ ನಮ್ಮ ಕಾಟನ್‌ಪೇಟೆಯ ವಠಾರದವರೆಗೂ ಬಂದಿದೆ. ಒಂದು ಕಾಲಕ್ಕೆ ಜಗತ್ತಿನ ಬೇರಾವ ಊರಿನಲ್ಲೂ ಇಲ್ಲದಷ್ಟು ನೂಲುವ ಕದಿರುಗಳು ಈ ಓಲ್ಡಾಮಿನಲ್ಲಿ ತಿರುಗುತ್ತಿದ್ದವು. ಇಲ್ಲಿಯ ಪ್ಲಾಟ್ ಬ್ರದರ್ಸ್ ಕಾರ್ಖಾನೆ ಮಾಡಿದ ಯಂತ್ರಗಳು ನಮ್ಮ ದೇಶಕ್ಕೂ ಹೋಗುತ್ತಿದ್ದವು.

ಈ ಮನೆಯ ಯಜಮಾನಿ ಅಜ್ಜಿಯ ತಾಯಿ ಇದೇ ಸೀಮೆಯ ಬರ್ನ್ಲಿ ಊರಿನಲ್ಲಿ ಮಗ್ಗ ನಡೆಸುತ್ತಿದ್ದವರು. ನೂರಾರು ಮಗ್ಗಗಳ ಲಾಳಿ ಒಟ್ಟಿಗೆ ಬಡಿಯುವಾಗ ಮಾತು ಕೇಳಿಸುವುದಿಲ್ಲ. ಆದ್ದರಿಂದ ನೇಯುವ ಹೆಂಗಸರು ದನಿಯಿಲ್ಲದೆ, ತುಟಿಗಳನ್ನು ಅಗಲಿಸಿ, ಎಳೆದು ಮಾತನಾಡುತ್ತಿದ್ದರಂತೆ. ಎದುರಿನವರು ಬಾಯಿ ನೋಡಿ ತಿಳಿಯುತ್ತಿದ್ದರು. ಅದಕ್ಕೆ ಇಲ್ಲಿ ‘ಮೀ-ಮಾ’ ಎನ್ನುತ್ತಾರೆ. ತಾಯಿ ಹೀಗೆ ಮಾತನಾಡುತ್ತಿದ್ದರು ಎಂದು ಅವರು ನನ್ನೆದುರು ಮಾಡಿ ತೋರಿಸಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಅದು ತಾತನ ಮುಖ, ಅಪ್ಪ. ಊಟಕ್ಕೆ ಕುಳಿತಾಗ ಅವರೂ ಅಜ್ಜಿಯೂ ದನಿಯಿಲ್ಲದೆ ಆಡುತ್ತಿದ್ದ ಮಾತು. ನಾವು ಮಕ್ಕಳು ಅದನ್ನು ಅನುಕರಿಸಿ ನಗುತ್ತಿದ್ದೆವು. ತಾತನಿಗೆ ಕಿವಿ ಮಂದ, ಅದೊಂದು ಅಭ್ಯಾಸ ಎಂದಷ್ಟೇ ನೀವೂ ಹೇಳುತ್ತಿದ್ದಿರಿ.

ಅಂಗಡಿಯ ಆ ಕಥೆ ನೆನಪಿದೆಯೇ? ರಸ್ತೆಯ ಆಚೆ ಬದಿಯಲ್ಲಿ ಇಬ್ಬರು ಹೆಂಗಸರು ‘ನಲವತ್ತಕ್ಕೆ ಕೊಟ್ಟರೆ ತೆಗೆದುಕೊಳ್ಳೋಣ’ ಎಂದು ಪಿಸುಗುಟ್ಟಿ ಒಳಗೆ ಬಂದರೆ, ಅವರು ಬಾಯಿ ತೆರೆಯುವ ಮೊದಲೇ ತಾತ ‘ನಲವತ್ತೈದು ಕೊಡಿ ತಾಯಿ’ ಎನ್ನುತ್ತಿದ್ದರು. ಬೀದಿಯವರೆಲ್ಲ ಅದನ್ನು ವ್ಯಾಪಾರಿಯ ಚಾಣಾಕ್ಷತನ ಎಂದರು. ಅದು ತಾತ ಆಳಾಗಿ ದುಡಿದ ಬಟ್ಟೆ ಮಿಲ್ಲು ಕಲಿಸಿದ ವಿದ್ಯೆ. ಹದಿನೈದು ವರ್ಷ ಕಿವಿಯನ್ನು ತೆತ್ತು ಕಲಿತದ್ದು.

ಅಂದಿನಿಂದ ನಾನು ಟ್ರಂಕಿನ ಕಾಗದಗಳ ಹಿಂದೆ ಬಿದ್ದೆ. ಈ ಮನೆಯ ಅಜ್ಜಿಯೂ ತಮ್ಮ ಅಜ್ಜನನ್ನು ಹುಡುಕುತ್ತಿದ್ದಾರೆ. ಆ ಅಜ್ಜನೂ ಮಿಲ್ಲಿನ ಆಳಾಗಿದ್ದು ಆಮೇಲೆ ಫೆಂಟ್ ವ್ಯಾಪಾರಕ್ಕೆ ಇಳಿದವರು. ಆದರೆ ಅವರಿಗೆ ದಾರಿ ಸುಲಭ. ಇಲ್ಲಿ 1841ರಿಂದ ಪ್ರತಿ ಮನೆಯವರ ಹೆಸರು, ವಯಸ್ಸು, ಕಸುಬು ಬರೆದ ಜನಗಣತಿ ಪುಸ್ತಕಗಳಿವೆ. ನೂರು ವರ್ಷ ಕಳೆದ ಮೇಲೆ ಎಲ್ಲರಿಗೂ ತೆರೆಯುತ್ತಾರೆ. 1921ರದ್ದು 2022ರಲ್ಲಿ ಹೊರಬಂತು. 1931ರದ್ದು ಮಾತ್ರ ಬೆಂಕಿಯಲ್ಲಿ ಸುಟ್ಟುಹೋಗಿದೆ. ನಮ್ಮಲ್ಲಿ ಜನಗಣತಿಯ ಮನೆವಿವರ ಗೋಪ್ಯ, 1948ರ ಕಾಯ್ದೆಯೇ ಹಾಗೆ ಹೇಳುತ್ತದೆ. ನಮಗೆ ಉಳಿದಿರುವುದು ಶಾಲೆಯ ದಾಖಲಾತಿ ಪುಸ್ತಕ, ಛಾಪಾ ಕಾಗದ, ಮನೆದೇವರು ಮತ್ತು ಹಿರಿಯರ ಬಾಯಿ.

ತಮ್ಮ ಕಳಿಸಿದ ಫೋಟೋಗಳಲ್ಲಿ ಮೊದಲು ಹಿತ್ತಾಳೆಯ ಬಿಲ್ಲೆ ನೋಡಿದೆ. ಹೆಸರಿಲ್ಲ, ಬರೀ ನಂಬರು. ಅದರ ಜೊತೆಗಿದ್ದ ಮಿಲ್ಲಿನ ಚೀಟಿಯಲ್ಲಿ ಹುಟ್ಟಿದ ಇಸವಿ 1931, ಕೆಲಸಕ್ಕೆ ಸೇರಿದ್ದು 1949. ಶಾಲೆಯ ಪತ್ರದಲ್ಲಿ ಹುಟ್ಟು 1934. ಮೂರು ವರ್ಷ ಎಲ್ಲಿಂದ ಬಂತು ಎಂದು ಯೋಚಿಸಿದರೆ ಉತ್ತರ ಸರಳ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಹದಿನೆಂಟು ತುಂಬಿದವರೇ ವಯಸ್ಕರು. ಹದಿನೈದರ ಹುಡುಗನನ್ನು ಮುತ್ತಾತ ಹದಿನೆಂಟೆಂದು ಬರೆಸಿದ್ದಾರೆ. ಮನೆಯಲ್ಲಿ ಅಷ್ಟು ಕಷ್ಟವಿತ್ತು. ಅವರನ್ನು ದೂರಲು ನನಗೆ ಮನಸ್ಸಿಲ್ಲ.

ಇನ್ನು ಆ ಕೆಂಪು ರಟ್ಟಿನ ಲೆಕ್ಕದ ಪುಸ್ತಕ. ಮೊದಲ ಪುಟ ಹರಿದಿದೆ, ಎಲ್ಲೂ ಇಸವಿ ಇಲ್ಲ. ಆದರೆ ಮೊದಲ ಇಪ್ಪತ್ತೆರಡು ಪುಟಗಳಲ್ಲಿ ಲೆಕ್ಕವೆಲ್ಲ ರೂಪಾಯಿ, ಆಣೆ. ಇಪ್ಪತ್ತಮೂರನೆಯ ಪುಟದಲ್ಲಿ ಇದ್ದಕ್ಕಿದ್ದಂತೆ ‘ನ.ಪೈ.’ ಬರುತ್ತದೆ. ನಯಾ ಪೈಸೆ! ಅದು ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು. ಮೊದಲ ಕೆಲವು ದಿನ ಬರೆದವರಿಗೆ ತಡವರಿಕೆಯಾಗಿದೆ. ನಾಲ್ಕು ಆಣೆಗೆ ಇಪ್ಪತ್ತೈದು ಪೈಸೆ ಎಂದು ಅಂಚಿನಲ್ಲಿ ಲೆಕ್ಕ ಹಾಕಿಕೊಂಡಿದ್ದಾರೆ. ಎಂದರೆ ಪೆಂಟು ಬಟ್ಟೆಯ ವ್ಯಾಪಾರ 1957ಕ್ಕೂ ಮೊದಲೇ ನಡೆಯುತ್ತಿತ್ತು. ಆಗ ತಾತ ಇನ್ನೂ ಮಿಲ್ಲಿನ ಆಳು. ಅವರು ಕೆಲಸ ಬಿಟ್ಟದ್ದು 1964ರಲ್ಲಿ.

ಹಾಗಾದರೆ ಬರೆದವರು ಯಾರು? ಎರಡು ರಾತ್ರಿ ಆ ಅಕ್ಷರಗಳನ್ನು ನೋಡುತ್ತಾ ಕುಳಿತೆ. ಆ ‘ರ’ ಎಲ್ಲೋ ಕಂಡಿದ್ದು. ಸೊನ್ನೆಯಂತೆ ದುಂಡಗೆ ಬರೆದು, ತಲೆಕಟ್ಟನ್ನು ಬಲಕ್ಕೆ ಎಳೆದು ಬಿಡುವ ‘ರ’. ಬೆಳಗಿನ ಜಾವ ಎಚ್ಚರವಾದಾಗ ಹೊಳೆಯಿತು: ಅಜ್ಜಿಯ ರಾಮಕೋಟಿ ಪುಸ್ತಕ! ನಾನು ಇಲ್ಲಿಗೆ ಬರುವಾಗ ಅಮ್ಮ ಪೆಟ್ಟಿಗೆಯಲ್ಲಿ ಇಟ್ಟು ಕಳಿಸಿದ್ದಳಲ್ಲ, ಅದನ್ನು ತೆರೆದೆ. ಪುಟದ ತುಂಬ ‘ಶ್ರೀರಾಮ, ಶ್ರೀರಾಮ’. ಪ್ರತಿಯೊಂದರಲ್ಲೂ ಅದೇ ‘ರ’. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟ, ಇಪ್ಪತ್ತೂ ದಾಟದ ಅಜ್ಜಿ ಇಡೀ ವ್ಯಾಪಾರದ ಲೆಕ್ಕ ಬರೆಯುತ್ತಿದ್ದಳು, ಅಪ್ಪ.

ಆಮೇಲೆ 1958ರ ಬಾಡಿಗೆ ಕರಾರನ್ನು ಹಿಗ್ಗಿಸಿ ಓದಿದೆ. ಮನೆಯಲ್ಲಿ ಎಲ್ಲರೂ ‘ಬಿನ್’, ಅಂದರೆ ಇಂಥವರ ಮಗ, ಎಂಬ ಶಬ್ದ ನೋಡಿ ತಾತನ ಕರಾರು ಎಂದುಕೊಂಡಿದ್ದಾರೆ. ತಾತನ ಹೆಸರು, ‘ಬಿನ್’ ಎಂದು ಮುತ್ತಾತನ ಹೆಸರು, ಕಸುಬು ‘ಮಿಲ್ ಕೂಲಿ’ ಇರುವುದು ಸಾಕ್ಷಿಯ ಸಾಲಿನಲ್ಲಿ. ಅಂಗಡಿ ಹಿಡಿದವರ ಸಾಲಿನಲ್ಲಿ ಅಜ್ಜಿಯ ಹೆಸರು, ಆಮೇಲೆ ‘ಕೋಂ’, ಅಂದರೆ ಇಂಥವರ ಹೆಂಡತಿ, ಎಂದು ತಾತನ ಹೆಸರು. ಕಸುಬು: ‘ಬಟ್ಟೆ ವ್ಯಾಪಾರ’. ಅಲ್ಲಿಂದ 1964ರವರೆಗೆ, ಆರು ವರ್ಷ, ಅಂಗಡಿಯ ವ್ಯಾಪಾರಿ ಅಜ್ಜಿ. ತಾತ ಪಾಳಿ ಮುಗಿಸಿ ಬಂದು ಗಂಟು ಹೊರುತ್ತಿದ್ದವರು. ಗೋಡೆಯ ಮೇಲೆ ಕೋಟು ತೊಟ್ಟು ಕುಳಿತಿರುವ ಒಬ್ಬರದೇ ಫೋಟೋ ನೋಡಿ ನಾವು ಬೆಳೆದೆವು. ಈ ಅನ್ಯಾಯವನ್ನು ಯಾರೂ ಬೇಕೆಂದು ಮಾಡಲಿಲ್ಲ, ಆದರೆ ಗೊತ್ತಾದ ಮೇಲೆ ಮುಂದುವರಿಸಬಾರದು.

ನೀವು ಮಿಲ್ಲಿನ ಮಾತು ಬಂದಾಗಲೆಲ್ಲ ವಿಷಯ ಬದಲಿಸುತ್ತಿದ್ದಿರಿ. ಕೂಲಿಯ ಮಗ ಎನ್ನಿಸಿಕೊಂಡು ಶಾಲೆಯಲ್ಲಿ ನೊಂದದ್ದು ನನಗೆ ಅಮ್ಮ ಹೇಳಿದ್ದಾಳೆ. ಆದರೆ ಈಗ ಊರೇ ಅದನ್ನು ಮರೆಯುತ್ತಿದೆ. ರಾಜಾ ಮಿಲ್ಲಿದ್ದ ಮಲ್ಲೇಶ್ವರದ ಜಾಗದಲ್ಲಿ ಮಾಲ್ ನಿಂತಿದೆ. ಬಿನ್ನಿಪೇಟೆ ಎಂಬ ಹೆಸರಿನ ಹಿಂದೆ ಒಂದು ಮಿಲ್ಲಿತ್ತು ಎಂಬುದು ಅಲ್ಲಿಯ ಫ್ಲಾಟುಗಳ ಮಕ್ಕಳಿಗೆ ತಿಳಿಯದು. ಕಾನೂನು ಓದಿದ ತಮ್ಮನಿಗೂ ಮಿನರ್ವ ಮಿಲ್ಲೆಂದರೆ ಸಂವಿಧಾನದ ಮೂಲರಚನೆಯನ್ನು ಎತ್ತಿಹಿಡಿದ 1980ರ ಸುಪ್ರೀಂ ಕೋರ್ಟ್ ತೀರ್ಪು. ಮಾಗಡಿ ರಸ್ತೆಯಲ್ಲಿ ಅದಕ್ಕೊಂದು ಗೇಟಿತ್ತು, ಆ ಗೇಟಿನಿಂದ ತಾತನ ಸ್ನೇಹಿತರು ಹೊರಬರುತ್ತಿದ್ದರು ಎಂದು ನಾನು ಹೇಳಿದಾಗ ಅವನು ಬೆರಗಾದ.

ಈಗ ಕೆಲಸದ ಮಾತು. ಈ ಭಾನುವಾರವೇ ದೊಡ್ಡತ್ತೆಯ ಮನೆಗೆ ಹೋಗಿ. ಅವರು ಬಟ್ಟೆ ಗಂಟುಗಳ ಮೇಲೆ ಮಲಗಿ ಬೆಳೆದ ಮಗು. ಆ ದಿನಗಳನ್ನು ಕಂಡವರಲ್ಲಿ ಉಳಿದಿರುವವರು ಅವರೊಬ್ಬರೇ. ಪ್ರಶ್ನೆ ಕೇಳಿ ಅವಸರ ಮಾಡಬೇಡಿ. ಬಿಲ್ಲೆಯನ್ನು ಕೈಗೆ ಕೊಟ್ಟು ಸುಮ್ಮನೆ ಕೂರಿ, ತಮ್ಮ ತನ್ನ ಮೊಬೈಲಿನಲ್ಲಿ ದನಿ ಹಿಡಿಯಲಿ. ದೊಡ್ಡಬಳ್ಳಾಪುರದ ಕಡೆಯ ನಮ್ಮ ಮೂಲದ ಊರಿಗೆ ಹೆಳವರು ಇನ್ನೂ ಬರುತ್ತಾರೆಯೇ ಎಂದು ಅವರನ್ನೇ ಕೇಳಿ. ಎತ್ತಿನ ಮೇಲೆ ಬಂದು ಮನೆತನದ ಪೀಳಿಗೆಗಳನ್ನು ಹೇಳಿ ಕಾಳು ಪಡೆದು ಹೋಗುವ ಅವರ ಪುಸ್ತಕದಲ್ಲಿ ಮುತ್ತಾತನಿಗೂ ಹಿಂದಿನವರು ಸಿಗಬಹುದು. ಅಜ್ಜಿಯ ತವರಿನ ಮನೆದೇವರು ಯಾವುದೆಂದೂ ಕೇಳಿ. ನಮ್ಮ ಯಾವ ಕಾಗದದಲ್ಲೂ ಅವಳ ತವರಿಲ್ಲ.

ಲೆಕ್ಕದ ಪುಸ್ತಕಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ಅಂಟು ಟೇಪು ಹಚ್ಚಬೇಡಿ. ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಒಣಗಿದ ಜಾಗದಲ್ಲಿಡಿ. ಅದಕ್ಕೆ ಪೆಂಟು ಬಟ್ಟೆಯೇ ಆದೀತು.

ಬೋರ್ಡಿನಲ್ಲಿ ಇಬ್ಬರ ಹೆಸರೂ ಇರಲಿ, ಅಜ್ಜಿಯದು ಮೊದಲು. ಇಸವಿ 1958 ಎಂದಿರಲಿ, ಕರಾರು ಕೈಯಲ್ಲಿದೆ. ಬರೆಯುವವರು ಮುಂಗಡ ತೆಗೆದುಕೊಂಡಿದ್ದರೆ ಉಳಿದ ಹಣ ನಾನು ಕಳಿಸುತ್ತೇನೆ. ಅಮ್ಮನಿಗೆ ಹೇಳಿ, ರಾಮಕೋಟಿ ಪುಸ್ತಕ ನನ್ನ ಬಳಿ ಭದ್ರವಾಗಿದೆ. ದೊಡ್ಡತ್ತೆ ಏನು ಹೇಳಿದರು ಎಂದು ಭಾನುವಾರ ರಾತ್ರಿಯೇ ತಿಳಿಸಿ. ನಾನು ಎಚ್ಚರವಾಗಿರುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು